ಶಶಿಧರ ಮೇಷ್ಟ್ರ ಮದ್ದಿನ ಚಿತ್ರ

ಶಶಿಧರ ಟೀ ತರಲು ಗೇಟು ದಾಟಿದ್ದೇ ತಡ, ಧರ್ಮೇಶ ಕೊಳಾಯಿಯ ಕೆಳಗೆ ಬಲಗೈ ಒಡ್ಡಿದ.

ಅಜ್ಜಂಪುರದ ಶಾಲೆಯ ಮೈದಾನದಲ್ಲಿ ದೊಡ್ಡ ಬಿಳಿ ಹಾಳೆ ಹಾಸಿತ್ತು. ಅದರ ಮೇಲೆ ಕುರಿಹಿಂಡಿನ ಆಕಾರದಲ್ಲಿ ಉದುರಿಸಿದ ಸಿಡಿಮದ್ದು, ಮದ್ದಿನ ಮೇಲೆ ರಟ್ಟು, ರಟ್ಟು ಹಾರದಂತೆ ಕಲ್ಲು. ಬತ್ತಿ ಹಚ್ಚಿದರೆ ಮದ್ದು ಭಗ್ಗೆಂದು ಉರಿದು ಹಾಳೆಯಲ್ಲಿ ಸುಟ್ಟ ಚಿತ್ರ ಮೂಡುತ್ತದೆ. ಚೀನಾದ ಕಲಾವಿದರು ಹೀಗೆ ಮಾಡುವುದನ್ನು ಡ್ರಾಯಿಂಗ್ ಮೇಷ್ಟ್ರು ಶಶಿಧರ ಮೊಬೈಲಿನಲ್ಲಿ ನೋಡಿ ಕಲಿತಿದ್ದ. ಇವತ್ತಿನದು ಪಾಸಾದರೆ ಚಿತ್ರ ಚೀನಾದ ಪ್ರದರ್ಶನಕ್ಕೇ ಹೋಗುತ್ತದೆ. ಆಯ್ಕೆ ಮಾಡುವ ಶ್ರೀವಾಣಿ ಮೇಡಂ ಆಗಲೇ ಬೀರೂರಿನಲ್ಲಿ ರೈಲು ಇಳಿದಿದ್ದರು.

ಮದ್ದು ಯಾರದು? ಧರ್ಮೇಶನದು. ಯಗಟಿಯಲ್ಲಿ ಮೂರು ತಲೆಮಾರಿನಿಂದ ಗರ್ನಾಲು ಕಟ್ಟುವ ಮನೆ ಅವನದು. ಮದ್ದು ಅರೆದವನು ಅವನು. ಹತ್ತನೇ ವಯಸ್ಸಿಗೇ ಮದ್ದಿಗೆ ಬಲಗೈಯ ಕಿರುಬೆರಳು ಕೊಟ್ಟವನೂ ಅವನೇ. ಪೇಪರಿನಲ್ಲಿ ಫೋಟೋ ಮಾತ್ರ ಶಶಿಧರನದು! ಹುಬ್ಬಿನ ಒಂದು ಕೂದಲೂ ಸುಡದ ಆ ಮುಖವನ್ನು ಧರ್ಮೇಶನ ಹೆಂಡತಿ ವಿದ್ಯಾಶ್ರೀ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. "ನಿಮ್ ಫ್ರೆಂಡೇ ಅಲ್ವೇನ್ರೀ?" ಅಂದಿದ್ದಳು. ಹೊಟ್ಟೆಕಿಚ್ಚಿಗೆ ಬೇರೆ ಬತ್ತಿ ಬೇಕೇ?

ಗರ್ನಾಲಿನವರಿಗೆ ಗೊತ್ತಿರುವುದು ಒಂದೇ ಶಾಸ್ತ್ರ: ತೇವ ತಾಗಿದ ಮದ್ದು ಠುಸ್. ಧರ್ಮೇಶ ರಟ್ಟೆತ್ತಿ, ಒದ್ದೆ ಕೈಯನ್ನು ಮದ್ದಿನ ನಡುವೆ ಬಲವಾಗಿ ಒತ್ತಿದ. ಗೇಟು ಕಿರ್ ಅಂತು. ಒತ್ತಿದ ಜಾಗ ನೋಡುವಷ್ಟೂ ಪುರುಸೊತ್ತಿಲ್ಲದೆ ರಟ್ಟು ಮುಚ್ಚಿ ಕಲ್ಲಿಟ್ಟ.

"ಕೈಯೆಲ್ಲ ಮದ್ದು ಮೆತ್ಕೊಂಡಿದೆಯಲ್ಲೋ," ಅಂದ ಶಶಿಧರ, ಟೀ ಲೋಟ ಚಾಚುತ್ತ.

"ನಮ್ ಕೈ ಯಾವತ್ತು ಬೆಳ್ಳಗಿತ್ತು ಹೇಳು?"

"ಚಿತ್ರದ ಕೆಳಗೆ ನಿನ್ನ ಹೆಸ್ರೂ ಹಾಕ್ತೀನಿ ಕಣೋ."

"ಬೇಡಪ್ಪಾ. ಎಲ್ಲಾ ನಿಂದೇ ಇರ್ಲಿ."

ಶ್ರೀವಾಣಿ ಬಂದರು. ಬತ್ತಿ ಸುರುಗುಟ್ಟಿತು. ಧರ್ಮೇಶ ಆ ಒಂದು ಠುಸ್ಸಿಗಾಗಿ ಕಿವಿಗೊಟ್ಟು ನಿಂತ.

ಢಂ!

ಹೊಗೆ ಇಳಿಯಿತು. ರಟ್ಟು ತೆಗೆದರು. ಮೇಡಂ ಬಗ್ಗಿ ನೋಡಿದರು. ಹುಬ್ಬು ಗಂಟಿಕ್ಕಿದರು. ಮುಗೀತು ಇವನ ಕಥೆ, ಅಂದುಕೊಂಡ ಧರ್ಮೇಶ.

"ಅಬ್ಬಾ!" ಅಂದರು ಮೇಡಂ. "ಸುಟ್ಟಿದ್ದಕ್ಕಿಂತ ಸುಡದೆ ಉಳಿದಿದ್ದೇ ಚೆಂದ ಇದೆ. ಇದೇ ಚೀನಾಕ್ಕೆ ಹೋಗ್ಲಿ. ಮಧ್ಯದಲ್ಲಿರೋದು ಯಾರದು ಮೇಷ್ಟ್ರೇ?"

ಶಶಿಧರ ಗೆಳೆಯನ ಕಡೆ ನೋಡಿದ. ಧರ್ಮೇಶ ಬಲಗೈಯನ್ನು ಜೇಬಿಗೆ ತುರುಕಿದ.

ಕಪ್ಪು ಕುರಿಹಿಂಡಿನ ನಟ್ಟನಡುವೆ ಬೆಳ್ಳನೆಯ ಅಂಗೈಯೊಂದು ಮೂಡಿತ್ತು. ಅದಕ್ಕೆ ಬೆರಳು ನಾಲ್ಕೇ.