ಮೂರನೆಯ ಕಲೆ

ಲಾರಿ ನಿಲ್ಲಿಸಲು ಅಜಿತಕುಮಾರನಿಗೆ ಸ್ವಂತ ಜಾಗವಿರಲಿಲ್ಲ. ದೇಸೂರ ಸ್ಟೇಷನ್ನಿನ ಆಚೆ, ಒಂಟಿ ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದ. ಹತ್ತಿರ ಮನೆಗಳಿಲ್ಲ, ಕಾವಲಿಲ್ಲ. ಅಲ್ಲಿ ಯಾರೋ ತನ್ನ ಲಾರಿಯ ಬ್ರೇಕಿಗೆ ಕೈ ಹಾಕುತ್ತಿದ್ದಾರೆ ಎಂಬ ಗುಮಾನಿ ಈಗ ಗುಮಾನಿಯಾಗಿ ಉಳಿದಿರಲಿಲ್ಲ.

ಹದಿನೇಳು ವರ್ಷ ಹಳೆಯ ಲಾರಿ. ಊರಿನ ಲಕ್ಷ್ಮಣನಿಂದ ತಿಂಗಳ ಹಿಂದೆ ಕೊಂಡದ್ದು. ಖಾನಾಪುರದ ಭಟ್ಟಿಗಳಿಂದ ಬೆಳಗಾವಿಗೆ ಇಟ್ಟಿಗೆ ಸಾಗಿಸುವ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೇ ವಾಪಸು.

ಕೊಂಡ ವಾರದಲ್ಲೇ ನೆಲದ ಮೇಲೆ ಕಲೆಗಳು ಕಂಡವು. ಉದ್ಯಮಬಾಗದ ಮೆಕ್ಯಾನಿಕ್ ಶೀತಲ ಉಪಾಯ ಹೇಳಿಕೊಟ್ಟ. ಅಡಿಯಲ್ಲಿ ರಟ್ಟು ಹಾಸುವುದು. ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡುವುದು. ಅಜಿತಕುಮಾರನಿಗೆ ಸೊಂಟ ನೋವು, ಅಡಿಗೆ ನುಸುಳುವುದು ಕಷ್ಟ. ಬೆಳಿಗ್ಗೆ ಲಾರಿ ಮುಂದೆ ತೆಗೆದು ಹಳೆಯ ರಟ್ಟು ಎತ್ತಿಕೊಳ್ಳುತ್ತಿದ್ದ. ಅಲ್ಲೇ ಹೊಸದು ಹಾಸಿ, ಹಾರದಂತೆ ಇಟ್ಟಿಗೆ ಚೂರು ಇಟ್ಟು ಹೋಗುತ್ತಿದ್ದ. ಸಂಜೆ ಬಂದು ಅದರ ಮೇಲೆಯೇ ನಿಲ್ಲಿಸಿದರಾಯಿತು.

ಮೊದಲ ಕಲೆ ಕಪ್ಪು, ಇಂಜಿನ್ ಆಯಿಲ್. ಶೀತಲ ಪ್ಯಾಕಿಂಗ್ ಬದಲಿಸಿದ, ನಿಂತಿತು. ಎರಡನೆಯದು ಹಸಿರು. ರೇಡಿಯೇಟರಿನ ಪೈಪು ಬಿರಿದಿತ್ತು. ಅದೂ ನಿಂತಿತು. ಮೂರನೆಯದು ತಿಳಿ ಹಳದಿ. ಬೆರಳಿಗೆ ಜಾರುತ್ತಿತ್ತು. ಶೀತಲ ಮೂಸಿ ನೋಡಿದ. ಅವನ ಮುಖದ ನಗು ಹೋಯಿತು.

“ಬ್ರೇಕ್ ಆಯಿಲ್ ಐತ್ರಿ ಇದು. ಮಗಳನ್ನ ಕೂಡಿಸ್ಕೊಂಡು ಹೋಗ್ತೀರಲ್ಲ, ನಾಳಿಂದ ಬಿಡ್ರಿ. ನಿಮ್ಮ ಜೀವಾ ನಿಮ್ಮದು. ಆ ಹುಡುಗಿ ಏನ್ ಮಾಡೇತಿ?”

ಬ್ರಾಹ್ಮಿ ಒಬ್ಬಳೇ ಮಗಳು. ಖಾನಾಪುರದ ಕಾಲೇಜಿನಲ್ಲಿ ಕೊನೆಯ ವರ್ಷ. ಮರುದಿನದಿಂದಲೇ ಅಜಿತಕುಮಾರ ಅವಳನ್ನು ಈರಯ್ಯನ ಟೆಂಪೋಗೆ ಹಾಕಿದ. ಎಂಟಕ್ಕೆ ಊರ ಹುಡುಗರನ್ನು ತುಂಬಿಕೊಂಡು ಖಾನಾಪುರಕ್ಕೆ ಹೋಗುವ ಟೆಂಪೊ.

“ನಿನ್ನ ಡಬ್ಬಾ ಲಾರಿನ ಪಾಡಿತ್ತು ಪಪ್ಪಾ,” ಎಂದಳು ಮೂರನೆಯ ದಿನ. “ಅಲ್ಲಿ ಒಬ್ಬರ ತೊಡಿ ಮ್ಯಾಲೆ ಒಬ್ಬರು. ಈರಯ್ಯ ಕಾಕಾ ಅಂತೂ ಹಾಡ ಹಚ್ಚಿ, ರಸ್ತಾ ಇಳಕಲ ಬಂದಲ್ಲೆಲ್ಲಾ ಕಾಲಿಲೆ ತಾಳಾ ಹಾಕ್ಕೋತ ಹೊಡೀತಾನ.”

“ಹಾಕ್ಲಿ ಬಿಡು. ಜೀವಕ್ಕ ಧೋಕಾ ಇಲ್ಲಲ್ಲ.”

ಶೀತಲ ಗಾಲಿಗಳನ್ನು ಬಿಚ್ಚಿದ. ರಬ್ಬರು ಬದಲಿಸಿದ, ಪೈಪು ಬದಲಿಸಿದ. ಹಳದಿ ಕಲೆ ನಿಲ್ಲಲಿಲ್ಲ.

“ಹನಿ ಬಿದ್ದಲ್ಲಿ ಮ್ಯಾಲೆ ಪೈಪ ಇಲ್ರಿ,” ಎಂದ ಶೀತಲ. “ಬ್ರೇಕಿನ ಬಾಟ್ಲಿಯಾಗಿನ ಆಯಿಲ್ ನೋಡಿದ್ರ ಹಾಕಿದಲ್ಲೇ ಐತಿ. ಇಂಥಾ ಗಾಡಿ ನಾ ನೋಡಿಲ್ಲ.”

“ಹತ್ತ ಹನಿ ಸೋರಿದ್ರ ಬಾಟ್ಲಿಯಾಗ ಎಷ್ಟರ ಇಳೀತೈತೋ?”

ಶೀತಲ ತಲೆ ಕೆರೆದುಕೊಂಡ. ಮತ್ತೆ ಲಾರಿಯ ಅಡಿಗೆ ನುಸುಳಿದ.

ಭಾನುವಾರ ಅಜಿತಕುಮಾರ ಸೊಂಟ ಹಿಡಿದುಕೊಂಡೇ ಅಡಿಗೆ ನುಸುಳಿ ಹೊಸ ರಟ್ಟು ಹಾಸಿದ. ಇಡೀ ದಿನ, ರಾತ್ರಿಯೂ, ಮರದ ಬುಡ ಬಿಟ್ಟು ಕದಲಲಿಲ್ಲ. ಸೋಮವಾರ ಬೆಳಿಗ್ಗೆ ರಟ್ಟಿನ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಮತ್ತೆ ಹಳದಿ. ಪಕ್ಕದ ಮಣ್ಣಿನಲ್ಲಿ ಯಾರೋ ಮೊಣಕಾಲು ಊರಿದ ಗುರುತು. ಲಕ್ಷ್ಮಣ ತಿನ್ನುವ ತಂಬಾಕಿನ ಖಾಲಿ ಪೊಟ್ಟಣ.

ಕಾವಲಿದ್ದರೆ ಲಾರಿ ಸೋರುವುದಿಲ್ಲ. ಅಂದರೆ ಸೋರುತ್ತಿಲ್ಲ, ಸೋರಿಸುತ್ತಿದ್ದಾರೆ.

ಮಾರಿದ ಹತ್ತೇ ದಿನಕ್ಕೆ ಲಕ್ಷ್ಮಣ ಲಾರಿ ವಾಪಸು ಕೇಳಿದ್ದ. ಅಜಿತಕುಮಾರ ಕೊಡುವುದಿಲ್ಲ ಎಂದಾಗ ಭಟ್ಟಿಯ ಮುಂದೆ ನಾಲ್ಕು ಜನ ಕೇಳುವಂತೆ ಹೇಳಿದ್ದ: “ಅದು ನಿನ್ನ ಕೈಯಾಗ ಭಾಳ ದಿನಾ ಬಾಳೂದಿಲ್ಲ, ತಗೊ.”

ಬುಧವಾರ ಬೆಳಿಗ್ಗೆ ಅಜಿತಕುಮಾರ ಎಂದಿನಂತೆ ಹೊಸ ರಟ್ಟು ಹಾಸಿದ. ಭಟ್ಟಿಗೆ ಹೋಗಲಿಲ್ಲ. ಲಾರಿಯನ್ನು ಶೀತಲನ ಗ್ಯಾರೇಜಿಗೆ ಬಿಡಲು ಹೊರಟ. ಬ್ರಾಹ್ಮಿ ಮರದ ಬಳಿಗೇ ಬಂದು ಲಾರಿಗೆ ಅಡ್ಡ ನಿಂತಳು.

“ಪರೀಕ್ಷಾ ಐತಿ ಪಪ್ಪಾ. ಇವತ್ತೊಂದಿನ ನೀನ ಬಿಡೋ.”

“ಟೆಂಪೋದಾಗ ಹೋಗು. ನೀ ಅದರಾಗ ಕುಂತ್ರ ನನಗ ಚಿಂತಿಲ್ಲ.”

ಲಾರಿ ಬಿಟ್ಟು ಬಸ್ಸಿನಲ್ಲಿ ಮರಳಿದ. ಒಂಬತ್ತು ಗಂಟೆಗೆ ಸ್ಟೇಷನ್ ಗೋಡೆಯ ಹಿಂದೆ ಕುಳಿತ. ಮರದ ಕೆಳಗೆ ರಟ್ಟು ಬಿದ್ದಿತ್ತು. ಲಾರಿ ಇಲ್ಲದ ಹೊತ್ತಿನಲ್ಲಿ ಲಕ್ಷ್ಮಣ ಏನು ತಯಾರಿ ಮಾಡುತ್ತಾನೆ ಎಂಬುದನ್ನು ನೋಡಬೇಕಿತ್ತು.

ಹತ್ತಕ್ಕೆ ಲಕ್ಷ್ಮಣ ಬಂದ. ಕೈಯಲ್ಲಿ ಒಂದು ಬಾಟಲಿ. ಆಚೆ ಈಚೆ ನೋಡಿದ. ರಟ್ಟಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ತಂಬಾಕು ತಿಕ್ಕತೊಡಗಿದ.

ಅಜಿತಕುಮಾರ ಓಡಿ ಹೋಗಿ ಅಂಗಿ ಹಿಡಿದು ಎತ್ತಿದ.

“ಸಿಕ್ಕಿ ಮಗನ. ಕೈಯಾಗೇನೈತಿ?”

“ಬ್ರೇಕ್ ಆಯಿಲ್. ಅಂಗಿ ಬಿಡ ಅಜಿತಣ್ಣಾ, ಹರೀತೈತಿ.”

“ನನ್ನ ಲಾರಿಗಿ ಏನ್ ಮಾಡಾಕತ್ತಿ, ಬೊಗಳು!”

ಲಕ್ಷ್ಮಣ ಸುತ್ತ ನೋಡಿದ. ಆಮೇಲೆ ಅವನ ಮುಖ ನೋಡಿದ.

“ನಿನ್ನ ಲಾರಿ ಎಲ್ಲೈತಿ ಇಲ್ಲಿ? ಹಗಲ ಹೊತ್ತು ಈ ನೆರಳಿಗಿ ಈರಯ್ಯನ ಟೆಂಪೊ ನಿಂದರತೈತಿ. ಸಂಜಿ ಟ್ರಿಪ್ಪಿಗಿ ನಾನ ಡ್ರೈವರ್. ಎರಡ ವಾರಾತು, ಬ್ರೇಕ್ ಸೋರಾಕತ್ತೈತಿ. ಮಾಡಸೋ ಅಂದ್ರ ಹುಡುಗೂರ ಪರೀಕ್ಷಾ ಮುಗೀಲಿ ಅಂತಾನ. ದಿನಾ ಬಂದು ನಾನ ತುಂಬತೀನಿ.” ಅವನು ಖಾನಾಪುರದ ರಸ್ತೆಯ ಕಡೆ ಕತ್ತು ಚಾಚಿದ. “ಒಂಬತ್ತೂವರಿಗೆ ಬಂದ್ಬಿಡತಿದ್ದ. ಇವತ್ತ ಯಾಕೋ ಇನ್ನೂ ಇಲ್ಲ.”

ಅಜಿತಕುಮಾರನ ಕೈ ಅಂಗಿಯಿಂದ ಕಳಚಿತು. ಬೆಳಿಗ್ಗೆ ಹಾಸಿದ ರಟ್ಟು ಕಾಲ ಬಳಿ ಇತ್ತು. ಒಣಗಿತ್ತು.

ಖಾನಾಪುರದ ಇಳಿಜಾರಿನಲ್ಲಿ ಟೆಂಪೊದ ಬ್ರೇಕ್ ಹಿಡಿಯದೆ ಸತ್ತವರು ಬ್ರಾಹ್ಮಿ ಸೇರಿ ಆರು ಜನ. ಅಜಿತಕುಮಾರನ ಲಾರಿಯಿಂದ ಬ್ರೇಕ್ ಆಯಿಲ್ ಒಂದು ಹನಿಯೂ ಹೋಗಿರಲಿಲ್ಲ.