ಭಾನುವಾರ ತತ್ತಿ ಇಡದ ಕೋಳಿ

ಒಂದು ಹೆರಳು ಮುಗಿದಿತ್ತು. ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ ಅಂಬಾದಾಸನ ಸೈಕಲ್ಲು ನಿಂತಿತು.

ಸಪ್ನಾಳ ಕೈ ಮಗಳ ಕೂದಲಲ್ಲೇ ಉಳಿಯಿತು. ಕೋಳಿ ವಿಷಯ ಗೊತ್ತಾಗಿದೆ ಎಂದುಕೊಂಡಳು.

"ಅವ್ವಾ, ಲಗೂ ಹಾಕು. ಸಾಲಿಗೆ ಹೊತ್ತಾತು," ಎಂದಳು ಎಂಟು ವರ್ಷದ ನಿರೀಕ್ಷಾ.

"ತಡಿ ಬೇ."

ಅಂಬಾದಾಸ ಇಬ್ರಾಹಿಂಪುರದ ಸಣ್ಣ ಕ್ರೈಸ್ತ ಸಭೆಯ ಹಿರಿಯ. ಅವನ ಮನೆ ಶಾಲೆಯ ದಾರಿಯಲ್ಲೇ ಇತ್ತು. ತಿಂಗಳ ಮೊದಲ ಭಾನುವಾರ ಅಲ್ಲಿ ಪ್ರಭು ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ದಿನ. ಹಿಂದಿನ ದಿನ ಹಿರಿಯ ಮನೆಮನೆಗೆ ಹೋಗಿ ಒಂದೇ ಮಾತು ಕೇಳುತ್ತಾನೆ: ಮನಸ್ಸಾಕ್ಷಿ ಶುದ್ಧ ಐತೇನು? ಇಲ್ಲವೆಂದವರು ಯಾರಿಗೆ ತಪ್ಪು ಮಾಡಿದ್ದರೋ ಅವರ ಹತ್ತಿರ ಹೋಗಿ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ರೊಟ್ಟಿ ಮುಟ್ಟುವಂತಿಲ್ಲ. ಪ್ರತಿ ಸಲ ಅವನು ಸಂಜೆ ಬರುತ್ತಿದ್ದ. ಇಂದು ಬೆಳಿಗ್ಗೆಯೇ ಬಂದಿದ್ದ.

ಸಪ್ನಾಳ ಮನಸ್ಸಾಕ್ಷಿ ಶುದ್ಧವಿರಲಿಲ್ಲ. ಅದರೊಳಗೆ ಒಂದು ಕರಿ ಕೋಳಿ ಮೂರು ವಾರದಿಂದ ಕೆದರುತ್ತಿತ್ತು.

ಸುಗ್ಗಿ ಹಬ್ಬದಂದು ಸಭೆಯವರೆಲ್ಲ ಜೋಳ, ಕುಂಬಳಕಾಯಿ, ಕೋಳಿ ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಸಭೆಯ ಖರ್ಚಿಗೆಂದು ಅವುಗಳ ಸವಾಲು ಕೂಗಿ ಹರಾಜು ಹಾಕುತ್ತಾರೆ. ಸಪ್ನಾ ತನ್ನ ಕೆಂಪು ಕೋಳಿಯನ್ನು ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ದಿನಾ ತತ್ತಿ ಇಡುವ ಕೋಳಿ ಅದು. ಹಬ್ಬದ ಬೆಳಿಗ್ಗೆ ಹಿಡಿಯಲು ಹೋದರೆ ಮನಸ್ಸು ಬರಲಿಲ್ಲ. ಪಕ್ಕದಲ್ಲೇ ಕರಿ ಕೋಳಿ ತೂಕಡಿಸುತ್ತಿತ್ತು. ಅದು ತತ್ತಿ ಇಟ್ಟು ವರ್ಷವಾಗಿತ್ತು. ಅದರ ಕಾಲು ಕಟ್ಟಿದಳು. "ತತ್ತಿ ಇಡೂ ಕೋಳಿ ಹೌದಲ್ಲ?" ಎಂದು ಪಾಸ್ಟರು ಕೇಳಿದಾಗ ಸುಮ್ಮನೆ ತಲೆಯಾಡಿಸಿದಳು. ಸವಾಲಿನಲ್ಲಿ ಅದನ್ನು ಹಿಡಿದವನು ಇದೇ ಅಂಬಾದಾಸ.

ಅಂದು ಸಂಜೆಯೇ ಎದೆಯಲ್ಲಿ ಚುಚ್ಚತೊಡಗಿತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಣಕಾಲೂರಿ, "ಕರ್ತನೇ, ಹೆಂಗರ ಮಾಡಿ ಆ ಕರಿ ಕೋಳಿ ತತ್ತಿ ಇಡೂಹಂಗ ಮಾಡು" ಎಂದು ಬಾಯಿಬಿಟ್ಟು ಬೇಡಿಕೊಂಡಳು. ಮರುದಿನದಿಂದ ಮನೆಯ ಕೆಂಪು ಕೋಳಿಯೇ ಕೈಕೊಟ್ಟಿತು. ಬೆಳಗಾದರೆ ಓಣಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎನ್ನುತ್ತಿತ್ತು. ಹೋಗಿ ನೋಡಿದರೆ ಬುಟ್ಟಿ ಖಾಲಿ. ವಾರಕ್ಕೊಂದೋ ಎರಡೋ ಸಿಕ್ಕರೆ ಹೆಚ್ಚು. ಅದು ತನ್ನನ್ನು ಅಣಕಿಸುತ್ತಿದೆ ಎಂದು ಸಪ್ನಾಳಿಗೆ ಖಾತ್ರಿಯಾಯಿತು. ಹೋದ ವಾರ ಮಗಳು ಎರಡು ದಿನ ಜ್ವರದಿಂದ ಮಲಗಿದಾಗ, ಇದೂ ಆ ಸುಳ್ಳಿನ ಶಿಕ್ಷೆಯೇ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದಳು.

ಅಂಬಾದಾಸ ಒಳಗೆ ಬಂದ. ಕೂರಲಿಲ್ಲ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಂಡಿದ.

"ತಂಗಿ, ಇವತ್ತ ನಾ ಕೇಳಾಕ ಬಂದಿಲ್ಲ, ಹೇಳಾಕ ಬಂದೇನಿ. ಆ ಕೋಳಿ..."

"ನಂದ ತಪ್ಪರಿ ಅಣ್ಣಾರ."

"ನಿಂದೇನ ತಪ್ಪು? ತಪ್ಪು ನಂದು."

"ಇಲ್ರಿ, ನಂದ."

"ಏ, ಸುಮ್ನಿರ ತಂಗಿ. ಸಭಾದಾಗ ಹಿರಿಯಾಂವ ನಾನು. ಮೊದಲ ನಾ ಒಪ್ಕೋತೀನಿ."

ಸಪ್ನಾ ಅರ್ಧಕ್ಕೆ ಬಿಟ್ಟ ಹೆರಳನ್ನು ಮತ್ತೆ ಹೆಣೆಯತೊಡಗಿದಳು.

"ಅದನ್ನ ಸಾರಿಗಂತ ಹಿಡಿದಿದ್ದೆ," ಎಂದ ಅಂಬಾದಾಸ. "ಮುದುಕಿ ಕೋಳಿ, ಬಿಡ್ರಿ ಅಂತ ಉಳಿದವರ ಬಾಯಿ ಮುಚ್ಚಿಸಿ ಸಸ್ತಾದಾಗ ಹೊಡದೆ. ಮರುದಿನ ನನ್ನ ಹೆಂಡತಿ ಪರಸವ್ವ ಮಸಾಲಿ ಅರದ್ಲು. ನಾ ಚೂರಿ ಮಸದು ಹಿತ್ತಲಕ್ಕ ಹೋಗಿ ನೋಡ್ತೀನಿ, ಬುಟ್ಟ್ಯಾಗ ತತ್ತಿ."

"ತತ್ತಿ?"

"ಅವತ್ತಿಂದ ದಿನಾ. ಸಾಲಿ ಗಂಟಿ ಹೊಡಿಯೂದ್ರಾಗ ಇಟ್ಟಿರತೈತಿ. ಅಂಥಾ ಕೋಳಿನ್ನ ಮುದುಕಿ ಅಂದು ದೇವರ ಮನಿಗೆ ಮೋಸ ಮಾಡಿದೆ."

"ಅವ್ವಾ," ಎಂದಳು ನಿರೀಕ್ಷಾ.

"ದೊಡ್ಡವರು ಮಾತಾಡಾಕತ್ತಾರ, ಸುಮ್ನಿರು."

ಅಂಬಾದಾಸ ದನಿ ತಗ್ಗಿಸಿದ. "ಇನ್ನೊಂದ ಮಾತು ತಂಗಿ. ಭಾನುವಾರ ಮಾತ್ರ ಇಡಂಗಿಲ್ಲ. ವಿಶ್ರಾಂತಿ ದಿನ ಪಾಲಸತೈತಿ. ನಾ ನೋಡಿದ್ರ ಆರಾಧನಿ ಮುಗಿಸಿ ಅಂಗಡಿ ತೆರಿಯಾಂವ. ಕೋಳಿ ಮುಂದ ಹಾದು ಹೋಗಾಕ ನಾಚಿಕಿ ಆಗತೈತಿ. ಹೋದ ವಾರ ನಡುವ ಎರಡ ದಿನ ನಿಲ್ಲಿಸಿಬಿಡ್ತು. ನನ್ನ ಪಾಪಕ್ಕಂತ ಪರಸವ್ವ ಉಪಾಸ ಮಾಡಿದ್ಲು. ಮೂರನೇ ದಿನ ಮತ್ತ ಇಟ್ಟಿತು."

ಸಪ್ನಾಳಿಗೆ ಇನ್ನು ತಡೆಯಲಾಗಲಿಲ್ಲ. ಹರಕೆ, ಕೆಂಪು ಕೋಳಿ, ತಲೆಯಾಡಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಅದು ಇಡೂ ಕೋಳಿ ಅಲ್ರಿ ಅಣ್ಣಾರ. ವರ್ಷ ಆತು, ಒಂದೂ ಇಟ್ಟಿಲ್ಲ."

ಅಂಬಾದಾಸ ಈಗ ಕುಳಿತ. ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಹಂಗಾರ ತಂಗಿ," ಎಂದ, "ಕರ್ತ ನಿನ್ನ ಸುಳ್ಳನ್ನ ಖರೇ ಮಾಡ್ಯಾನ."

"ಅವ್ವಾ..."

"ಏ ಹುಡುಗಿ, ಒಂಚೂರು ತಡಿ."

"ನಾಳೆ ಪ್ರಭು ಭೋಜನಕ್ಕ ಮೊದಲ ನೀ ಎದ್ದು ನಿಂತು ಸಾಕ್ಷಿ ಹೇಳಬೇಕು," ಎಂದ ಅಂಬಾದಾಸ. "ತೊರವಿ ಊರಿನ ಸಭಾದ ಮಂದೀನೂ ಬರ್ತಾರ. ಕೋಳಿನ್ನ ಪರಸವ್ವ ಹೊತ್ಕೊಂಡ ಬರ್ತಾಳ. ದೇವರ ಕೆಲಸ ಅಂದ್ರ ಇದು."

ಟೋಪಿ ಹಾಕಿಕೊಂಡು ಸೈಕಲ್ಲು ಹತ್ತಿದ. ಓಣಿಯ ತಿರುವಿನವರೆಗೂ ಅವನ ಸ್ತೋತ್ರ ಕೇಳಿಸಿತು.

ಸಪ್ನಾ ಎರಡನೆಯ ಹೆರಳಿಗೆ ರಿಬ್ಬನ್ನು ಕಟ್ಟಿದಳು. ಮೂರು ವಾರದ ಕಲ್ಲು ಎದೆಯಿಂದ ಇಳಿದಿತ್ತು. ಕೆಂಪು ಕೋಳಿಯ ಮೇಲಿನ ಸಿಟ್ಟೂ ಹೋಗಿತ್ತು. ಅದಕ್ಕೊಂದು ಹಿಡಿ ಜೋಳ ಎರಚಿದಳು. ನಾಳೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದಳು.

"ನೋಡಿದ್ಯಾ?" ಎಂದು ಮಗಳ ಗಲ್ಲ ಹಿಡಿದಳು. "ಒಪ್ಕೊಂಡ್ರ ಮನಸ್ಸು ಎಷ್ಟ ಹಗುರ ಆಗತೈತಿ. ಈಗ ಹೇಳು, ಏನ ಅನ್ನಾಕತ್ತಿದ್ದಿ?"

ನಿರೀಕ್ಷಾ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಸರಿಸಿ ಇಣುಕಿದಳು. ತಾಯಿಯ ಮುಖ ನೋಡಿದಳು. ಕಡೆಗೂ ಕೇಳಿದಳು:

"ಇವತ್ತಿನ ತತ್ತೀನೂ ಅಂಬಾದಾಸ ಕಾಕಾನ ಬುಟ್ಟ್ಯಾಗ ಇಟ್ಟ ಸಾಲಿಗೆ ಹೋಗ್ಲ್ಯಾ ಅವ್ವಾ?"