ಎಡಗಾಲಿಗೆ ಬದಲಿ

ಹಿರೇಕೆರೂರಿನ ಇಸ್ಮಾಯಿಲಸಾಬನ ಗ್ಯಾರೇಜಿನಲ್ಲಿ ಗಿರಿಯಪ್ಪ ಎರಡು ಕಬ್ಬಿಣದ ಗುಂಡುಗಳ ಮುಂದೆ ಹೆಣ್ಣು ನೋಡಲು ಬಂದವನ ಹಾಗೆ ಕೂತಿದ್ದ. ಎರಡೂ ಮುಂಬಯಿಯ ಗುಜರಿಯಿಂದ ತಮ್ಮ ತಮ್ಮ ಗೇರುಪೆಟ್ಟಿಗೆ ಸಮೇತ ಲಾರಿ ಹತ್ತಿ ಬಂದ ಟಾರ್ಕ್ ಕನ್ವರ್ಟರುಗಳು. ಒಂದು ದೊಡ್ಡ ಕುಂಬಳಕಾಯಿಯಂತಿತ್ತು, ಇನ್ನೊಂದು ಅದರ ತಂಗಿಯಂತೆ. ಇದರೊಳಗೆ ಎಣ್ಣೆ ತುಂಬಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕೂಡಿಸಿದರೆ ಎಡಗಾಲಿನಿಂದ ಕ್ಲಚ್ಚು ಒತ್ತುವ ಕೆಲಸವೇ ಇಲ್ಲ. ಗಿರಿಯಪ್ಪನಿಗೆ ಬೇಕಾದದ್ದು ಅದೇ. ಎಂಬತ್ತೊಂದರ ಮಳೆಗಾಲದಲ್ಲಿ ಜೀಪು ಅಬಲೂರಿನ ಹಳ್ಳಕ್ಕೆ ಉರುಳಿ ಅವನ ಎಡಮೊಣಕಾಲು ಚೂರಾಗಿತ್ತು. ಮಿಲಿಟರಿ ಲಿಲಾವಿನಲ್ಲಿ ಕೊಂಡ, ನಾಲ್ಕೂ ಗಾಲಿ ಎಳೆಯುವ ಆ ಹಳೇ ಜೀಪನ್ನು ಸಾಬ ಬಿಚ್ಚಿ, ಬಡಿದು, ಬಣ್ಣ ಹೊಡೆದು ಮತ್ತೆ ನಿಲ್ಲಿಸಿದ್ದ. ಕಾಲನ್ನು ಹಾಗೆ ನಿಲ್ಲಿಸುವವರು ಯಾರೂ ಸಿಕ್ಕಿರಲಿಲ್ಲ.

ಹೆಂಡತಿ ಮಂಜವ್ವ ಹಳೇ ಟೈರುಗಳ ಮೇಲೆ ಕೂತು ನೋಡುತ್ತಿದ್ದಳು. ಮಾಸೂರಿನ ದಾರಿಯಲ್ಲಿ ಅವನು ಜೀಪು ಹೊಡೆದಷ್ಟು ವರ್ಷವೂ ಪಕ್ಕದಲ್ಲಿ ಕೂತು ಮಂದಿಯನ್ನು ಕೂಗಿ ಕರೆದು ಹತ್ತಿಸಿದವಳು ಅವಳೇ. ‘ಗಾಡಿ ಹೊಡಿಯೂದು ನಾ ಕಲೀತೇನಿ, ನನಗ ಕೊಡ್ರಿ’ ಎಂದು ಅವಳು ಮನೆಯಲ್ಲಿ ಕೇಳಿದ್ದನ್ನು ಗಿರಿಯಪ್ಪ ಆಗಲೇ ಗ್ಯಾರೇಜಿಗೆಲ್ಲ ಹೇಳಿ ನಗಿಸಿದ್ದ.

“ದೊಡ್ಡದು ಯಾವ ಗಾಡೀದು, ಸಾಬ್ರ?” ಗಿರಿಯಪ್ಪ ಕೇಳಿದ.

“ಎಂಟು ಸಿಲಿಂಡರಿನ ಅಮೆರಿಕಾ ಕಾರಿಂದು. ಯಾರೋ ರಾಜಾಂದು ಅಂತ ಹೇಳ್ಯಾರ.”

“ಮತ್ತ ಇದು?”

“ಸಣ್ಣ ಕಾರಿಂದು. ಮುಂಬೈದಾಗ ಹೆಂಗಸರು ಹೊಡಕೊಂಡು ಹೋಗ್ತಾರಲ್ಲ, ಅಂಥಾದ್ದು. ಆದ್ರ ನಮ್ಮ ಎಂಜಿನ್ನಿಗೆ...” ಇಸ್ಮಾಯಿಲಸಾಬ ಗಿರಾಕಿಯ ಮುಖ ನೋಡಿ ಉಳಿದ ಮಾತು ನುಂಗಿದ. “ಅದು ನಿಮ್ಮ ಮರ್ಜಿ.”

“ಹೆಂಗಸರದ್ದು ನನಗ್ಯಾಕ?” ಗಿರಿಯಪ್ಪ ಸಣ್ಣದನ್ನು ಬಲಗಾಲಿನಿಂದ ಆಚೆ ನೂಕಿದ.

“ನಾಕು ಸಿಲಿಂಡರಿನ ಎಂಜಿನ್ನು ಅಷ್ಟು ದೊಡ್ಡದನ್ನ ತಿರುಗಸ್ತೈತೇನ್ರಿ?” ಎಂದಳು ಮಂಜವ್ವ. “ಕುರಿ ಮ್ಯಾಲ ಆನಿ ಅಂಬಾರಿ ಇಟ್ಟಂಗಾತು.”

“ನಿನ್ನ ಯಾರು ಕೇಳ್ಯಾರ? ಸುಮ್ನ ಕುಂದರು.”

ಗಂಡಸರಿಬ್ಬರು ಸೇರಿ ಒಂದು ಮೊಣಕಾಲಿನ ಮರ್ಯಾದೆಗೆ ರಾಜನ ಕಾರನ್ನು ಹುಡುಕಿದ್ದು ನೋಡಿ ಅವಳಿಗೆ ನಗು ಬರುತ್ತಿತ್ತು. ಒಳ್ಳೆಯ ನಗುವಲ್ಲ.

ದೊಡ್ಡ ಗುಂಡು ಹಾಕಿಸಿಕೊಂಡು ಜೀಪು ಗ್ಯಾರೇಜಿನಿಂದ ಹೊರಬಿದ್ದ ದಿನ ಗಿರಿಯಪ್ಪ ಎಡಗಾಲನ್ನು ಕೋಲಿನಂತೆ ಚಾಚಿ ಬಸ್ ಸ್ಟ್ಯಾಂಡು ಸುತ್ತಿದ. ಚಹಾದಂಗಡಿಯ ಮುಂದೆ ನಿಲ್ಲಿಸಿ, ರಾಜನ ಗಾಡಿಯ ಸಾಮಾನು ಎಂದು ಬಾನೆಟ್ ಎತ್ತಿ ತೋರಿಸಿದ. ಸಪಾಟು ದಾರಿಯಲ್ಲಿ ಜೀಪು ಗಬ್ಬದ ಎಮ್ಮೆಯಂತೆ ಹೇಗೋ ನಡೆಯಿತು. ಮಾಸೂರಿನ ಮದಗದ ಕೆರೆಯ ಏರಿ ಹತ್ತುವಲ್ಲಿ ಮಂದಿ, ಮೂಟೆ, ಕೋಳಿಬುಟ್ಟಿ ಸಮೇತ ನಿಂತುಬಿಟ್ಟಿತು. ಎಂಜಿನ್ ಒಮ್ಮೆ ನರಳಿ ಆರಿಹೋಯಿತು. ಗಿರಿಯಪ್ಪ ನಾಲ್ಕೂ ಗಾಲಿಗೆ ಹಾಕಿ ಮತ್ತೆ ಚಾಲೂ ಮಾಡಿದ. ಬ್ರೇಕಿನ ಮೇಲಿದ್ದ ಬಲಗಾಲನ್ನು ತೆಗೆದು ಆಕ್ಸಿಲರೇಟರಿನ ಮೇಲೆ ಇಡುವಷ್ಟರಲ್ಲಿ ಎಂಜಿನ್ ಮತ್ತೆ ಸತ್ತು, ಜೀಪು ಹಿಂದಕ್ಕೆ ಉರುಳತೊಡಗಿತು. ಕ್ಲಚ್ಚಿನ ಗಾಡಿಯಾಗಿದ್ದರೆ ಎಂಜಿನ್ ಆರಿದರೂ ಗೇರಾದರೂ ಗಾಲಿಯನ್ನು ಹಿಡಿಯುತ್ತಿತ್ತು. ಇಲ್ಲಿ ನಡುವೆ ಬರೀ ಎಣ್ಣೆ, ಹಿಡಿಯುವುದೇನೂ ಇರಲಿಲ್ಲ. ಅವನು ಬ್ರೇಕು ಒತ್ತಿದರೂ ಗಾಲಿಗಳು ಸಡಿಲ ಜಲ್ಲಿಕಲ್ಲಿನ ಮೇಲೆ ಜಾರಿದವು. ಹಿಂದೆ, ದಾರಿಯ ತಿರುವಿನಲ್ಲಿ, ಕೆರೆಯ ನೀರು.

ಪಕ್ಕದಲ್ಲಿದ್ದ ಮಂಜವ್ವ ಹಾರಿ ಇಳಿದು, ಏರಿಯ ಕಲ್ಲೊಂದನ್ನು ಎರಡೂ ಕೈಯಿಂದ ಹೊರಳಿಸಿ ಹಿಂದಿನ ಗಾಲಿಗೆ ತುರುಕಿದಳು. ಜೀಪು ಕಲ್ಲಿಗೆ ಬಡಿದು ನಿಂತಿತು. ಮಂದಿ ದುಡುದುಡು ಇಳಿದರು. ಮೆಣಸಿನಕಾಯಿ ಮೂಟೆಯ ಫಕ್ಕೀರವ್ವ ಮೂಟೆಯನ್ನು ತಲೆಗೇರಿಸಿಕೊಂಡು, “ನಮ್ಮ ಕತ್ತೇನ ಚಲೋ ತಮ್ಮಾ, ಏರಿ ಏರತೈತಿ,” ಎಂದು ಹಿಂತಿರುಗಿ ನೋಡದೆ ನಡೆದಳು.

“ಈ ಏರಿ ಭಾಳ ಕಡಿದೈತಿ,” ಎಂದ ಗಿರಿಯಪ್ಪ, ಸ್ಟಿಯರಿಂಗು ಬಿಡದೆ.

“ಹೌದ್ರಿ. ನಿನ್ನೆ ರಾತ್ರಿ ಬೆಳದೈತಿ.” ಮಂಜವ್ವ ಅಂಗೈಯ ರಕ್ತವನ್ನು ಸೆರಗಿಗೆ ಒರೆಸಿಕೊಂಡಳು.

ಎತ್ತು ಕಟ್ಟಿ ಜೀಪನ್ನು ಗ್ಯಾರೇಜಿಗೆ ಎಳೆದು ತಂದರು. ಇಸ್ಮಾಯಿಲಸಾಬ ತಲೆ ಕೆರೆದುಕೊಂಡ. “ನಾ ಅವತ್ತ ಹೇಳೂದರಾಗಿದ್ನಿ. ಸಣ್ಣದು ಹಾಕಿದ್ರ ಎಳೀತಿತ್ತು. ಅದನ್ನ ಈಗ ಸವಣೂರಿನವ್ರು ಒಯ್ದಾರ.”

“ಹೇಳೂದರಾಗ ಇದ್ರಿ, ಹೇಳಲಿಲ್ಲ,” ಎಂದಳು ಮಂಜವ್ವ. “ರಾಜಾನ ಗುಂಡು ಬಿಚ್ಚರಿ ಸಾಬ್ರ. ಹಳೇ ಗೇರುಪೆಟಗಿ, ಹಳೇ ಕ್ಲಚ್ಚು ಹಾಕ್ರಿ.”

“ಕ್ಲಚ್ಚು ಒತ್ತಾಕ ಕಾಲು ಬೇಕಲ್ಲಕ್ಕ?”

“ನನಗ ಎರಡದಾವು.”

ಈ ಸಲ ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ. ಗಿರಿಯಪ್ಪ ಹಲಗೆಯ ಮೇಲೆ ಕೂತು, ಮಡಚದ ಕಾಲನ್ನು ಎರಡೂ ಕೈಯಿಂದ ಎತ್ತಿ ಇತ್ತ ಸರಿಸಿಕೊಂಡ. ಅವನ ದನಿ ಮಂಜವ್ವ ಎಂದೂ ಕೇಳದಷ್ಟು ಸಣ್ಣದಾಗಿತ್ತು.

“ನೀ ಗಾಡಿ ಹೊಡದ್ರ, ಮಂದಿ ಮುಂದ ನಾ ಎಲ್ಲಿ ಕುಂದರ್ಲಿ?”

ಮಂಜವ್ವ ಆ ಕಾಲನ್ನೇ ನೋಡಿದಳು.

“ಇಷ್ಟು ವರ್ಷ ನಾ ಎಲ್ಲಿ ಕುಂತಿದ್ನಲ್ಲ,” ಎಂದಳು, “ಅಲ್ಲೇ.”